ಚಪ್ಪಲಿ ನಿಲ್ಲದ ಎಡಗಾಲು

ಹ್ಯಾಮರ್ ಎಸೆಯುವವರಿಗೆ ಎಡಗಾಲೇ ಜೀವಾಳ. ನೋಡುವವರ ಕಣ್ಣೆಲ್ಲ ತೋಳಿನ ಮೇಲೆ, ಗುಂಡಿನ ಮೇಲೆ. ಆದರೆ 2.135 ಮೀಟರ್ ಅಗಲದ ಆ ಕಾಂಕ್ರೀಟ್ ವೃತ್ತದಲ್ಲಿ ಬಲಗೈಯವರು ತಿರುಗುವುದು ಎಡ ಹಿಮ್ಮಡಿಯ ಮೇಲೆ. ಬೆರಳುಗಳನ್ನು ನೆಲದಿಂದೆತ್ತಿ ಹಿಮ್ಮಡಿಯ ಮೇಲೆ ಅರ್ಧ ಸುತ್ತು, ಅಲ್ಲಿಂದ ಪಾದದ ಹೊರ ಅಂಚಿಗೆ ಹೊರಳಿ ಮುಂಗಾಲಿನ ಮೇಲೆ ಇನ್ನರ್ಧ. ಸೊಂಟದ ಡಿಸ್ಕ್ ಜಾರಿದಾಗ ನಾನು ಕಳೆದುಕೊಂಡದ್ದು ಆ ಬೆರಳೆತ್ತುವ ಶಕ್ತಿಯನ್ನೇ.

ನಾನು ಕರಾವಳಿಯವಳು. ಮಂಗಳೂರು, ಉಡುಪಿ, ಕುಂದಾಪುರದ ಕಡೆ ಪವರ್‌ಲಿಫ್ಟಿಂಗ್ ಯಾರಿಗೂ ಹೊಸದಲ್ಲ. ಮಳೆಗಾಲದಲ್ಲಿ ಎಸೆಯುವ ವೃತ್ತದ ನೀರನ್ನು ಗೋಣಿಚೀಲದಲ್ಲಿ ಒರೆಸಿ ಒರೆಸಿ ಸಾಕಾದಾಗ ನಾವು ವ್ಯಾಯಾಮಶಾಲೆಗೆ ಹೋಗಿ ಬಾರ್ ಹಿಡಿಯುತ್ತಿದ್ದೆವು. ಎಸೆತಕ್ಕೆ ಬಲ ಬರಲಿ ಎಂದು ಶುರುಮಾಡಿದ ಸ್ಕ್ವಾಟ್, ಡೆಡ್‌ಲಿಫ್ಟ್ ನನ್ನನ್ನು 76 ಕಿಲೋ ವಿಭಾಗದ ಸ್ಪರ್ಧೆಗೂ ಇಳಿಸಿತು.

ಅಭ್ಯಾಸದ ಒಂದು ದಿನ ಮೂರನೇ ಸುತ್ತಿಗೆ ಹೊರಳುವಾಗ ಸೊಂಟದಿಂದ ಎಡ ಹೆಬ್ಬೆರಳಿನ ತನಕ ಬೆಂಕಿ ಹರಿದಂತಾಯಿತು. ಹ್ಯಾಮರ್ ಕೈತಪ್ಪಿ ಬಲೆಗೆ ಬಡಿಯಿತು. ಎಂಆರ್‌ಐ ಮಾಡಿಸಿದಾಗ ಎಲ್4-ಎಲ್5 ನಡುವಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತುತ್ತಿರುವುದು ಕಂಡಿತು. ಪಾದವನ್ನು ಮೇಲೆತ್ತುವುದು ಮುಖ್ಯವಾಗಿ ಅದೇ ನರ.

ನೋವು ಹೇಗೋ ತಡೆದುಕೊಂಡೆ. ತಡೆಯಲಾಗದೆ ಹೋದದ್ದು ಹವಾಯಿ ಚಪ್ಪಲಿಯ ವಿಷಯ. ಪಾದದ ಮೇಲ್ಭಾಗ ಮರಗಟ್ಟಿ ಪಟ್ಟಿ ಜಾರಿದ್ದೇ ಗೊತ್ತಾಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ಹೋದಮೇಲೆ ಅಂಗಾಲಿಗೆ ನೆಲದ ತಂಪು ತಗಲಿದಾಗ ಹಿಂತಿರುಗಿ ನೋಡಿದರೆ ಚಪ್ಪಲಿ ಅಲ್ಲೆಲ್ಲೋ ಹಿಂದೆ ಬಿದ್ದಿರುತ್ತಿತ್ತು. ಹೊಸ್ತಿಲು ದಾಟುವಾಗ ಬೆರಳು ಸಿಕ್ಕಿಕೊಳ್ಳುತ್ತಿತ್ತು. ನೂರಾರು ಕಿಲೋ ಬೆನ್ನಿಗೆ ಹೊತ್ತು ಎದ್ದವಳು ಒಂದು ಚಪ್ಪಲಿಯನ್ನು ಕಾಲಲ್ಲಿ ನಿಲ್ಲಿಸಲಾಗದೆ ಅತ್ತಿದ್ದೇನೆ.

ಶಸ್ತ್ರಚಿಕಿತ್ಸೆಯಾಯಿತು. ಎಚ್ಚರವಾದಾಗ ಕಾಲಿನ ಉರಿ ಹೋಗಿತ್ತು, ಬೆರಳು ಮಾತ್ರ ಏಳಲಿಲ್ಲ. ಪೆಟ್ಟಾದ ನರ ಬೆಳೆಯಬೇಕಾಗಿ ಬಂದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಎಂದು ವೈದ್ಯರು ಹೇಳಿದರು. ಅಮ್ಮನ ಹೊಲಿಗೆ ಟೇಪಿನಿಂದ ಸೊಂಟದಿಂದ ಮೊಣಕಾಲ ಕೆಳಗಿನವರೆಗೆ ಅಳೆದು, ಲೆಕ್ಕ ಹಾಕಿ, ಟೇಪು ಮಡಚಿಟ್ಟೆ.

ನೋಡಲು ಬಂದವರ ಮಾತು ಬೇರೆ. 'ಗಂಡಸರ ಹಾಗೆ ಭಾರ ಎತ್ತಿದ್ದಕ್ಕೇ ಹೀಗಾಯ್ತು.' ಇದು ನನಗೆ ಈಗಲೂ ಸಿಟ್ಟು ತರಿಸುತ್ತದೆ. ದೂರದರ್ಶನದ ಮಹಾಭಾರತದಲ್ಲಿ ಭೀಮನಾಗಿದ್ದ ಪ್ರವೀಣ್ ಕುಮಾರ್ 1966ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಹ್ಯಾಮರ್ ಎಸೆದು ಕಂಚು ಗೆದ್ದವರು. ಆದರೆ ಹೆಂಗಸರ ಹ್ಯಾಮರ್ ಒಲಿಂಪಿಕ್ಸ್ ಕಂಡದ್ದು 2000ದಲ್ಲಿ, ಸಿಡ್ನಿಯಲ್ಲಿ. ಅಷ್ಟು ತಡವಾಗಿ ಬಾಗಿಲು ತೆರೆದ ಆಟದಲ್ಲಿ ಏನಾದರೂ ಆದರೆ ಹೆಣ್ಣಿನ ಮೇಲೇ ತಪ್ಪು ಹೊರಿಸುವುದು ಸುಲಭ. ನಮ್ಮ ಹ್ಯಾಮರ್ 4 ಕಿಲೋ. ಆದರೆ ಕೈಬಿಡುವ ಹೊತ್ತಿಗೆ ಅದು ನಮ್ಮನ್ನು ನೂರು ಕಿಲೋಗೂ ಮಿಕ್ಕಿದ ಭಾರದಿಂದ ಹೊರಕ್ಕೆ ಎಳೆಯುತ್ತದೆ, ಅದೂ ಬೆನ್ನು ತಿರುಚಿಕೊಂಡಿರುವಾಗ, ಸದಾ ಒಂದೇ ಬದಿಗೆ. ಡೆಡ್‌ಲಿಫ್ಟ್‌ನಲ್ಲಿ ಭಾರ ಎರಡೂ ಕಡೆ ಸಮ.

ನನ್ನನ್ನು ಮತ್ತೆ ಕ್ರೀಡೆಗೆ ತಂದದ್ದೂ ಬಾರೇ. ಪವರ್‌ಲಿಫ್ಟಿಂಗ್‌ನಲ್ಲಿ ಪಾದ ತಿರುಗಬೇಕಿಲ್ಲ, ಊರಿ ನಿಂತರೆ ಸಾಕು. ವೈದ್ಯರ ಒಪ್ಪಿಗೆ ಸಿಕ್ಕಮೇಲೆ ಮೊದಲು ಬೆಂಚ್ ಪ್ರೆಸ್. ಆಮೇಲೆ 20 ಕಿಲೋದ ಖಾಲಿ ಬಾರ್‌ನಿಂದ ಡೆಡ್‌ಲಿಫ್ಟ್. ಬೆರಳು ಮೊದಲು ಅಲುಗಿದ್ದನ್ನು ಕಂಡದ್ದು ನಾನಲ್ಲ, ಫಿಸಿಯೋಥೆರಪಿಸ್ಟ್. ಕಣಕಾಲ ಮುಂಭಾಗದಲ್ಲಿ ಚರ್ಮದಡಿ ಒಂದು ಸ್ನಾಯುರಜ್ಜು ಬಿಗಿಯಾಗಿ ಎದ್ದು, ಮತ್ತೆ ಇಳಿಯಿತು. 'ಇನ್ನೊಮ್ಮೆ' ಎಂದರು. ಆ ಸಂಜೆಯೆಲ್ಲ ಅದೇ ಕೆಲಸ.

ಮರಳಿ ಇಳಿದ ಮೊದಲ ಕೂಟದಲ್ಲಿ ಕೊನೆಯ ಡೆಡ್‌ಲಿಫ್ಟ್ ಎತ್ತಿ ನೆಟ್ಟಗೆ ನಿಂತಾಗ ರೆಫರಿಯ ಕೈ ಕೆಳಗಿಳಿಯಿತು, 'ಡೌನ್' ಕೇಳಿತು. ಮೂರೂ ಬಿಳಿ ದೀಪ. ತೂಕ ಹಿಂದಿನದಕ್ಕಿಂತ ಕಡಿಮೆ. ಆದರೂ ಅದರಷ್ಟು ಸಂತೋಷ ಯಾವ ಪದಕವೂ ಕೊಟ್ಟಿಲ್ಲ.

ಹ್ಯಾಮರ್ ಬಿಟ್ಟಿಲ್ಲ. ನಾಲ್ಕು ಸುತ್ತಿನವರಲ್ಲಿ ಅನೇಕರು ಮೊದಲ ಸುತ್ತನ್ನು ಮುಂಗಾಲಿನ ಮೇಲೆ ತಿರುಗುತ್ತಾರೆ. ನಾನೀಗ ಎರಡೇ ಸುತ್ತು, ಎರಡೂ ಹಾಗೆಯೇ. ಹಿಮ್ಮಡಿಯ ಸುತ್ತು ವೃತ್ತದಲ್ಲಿ ಮುಂದಕ್ಕೆ ಒಯ್ಯುತ್ತದೆ, ಇದು ಒಯ್ಯುವುದಿಲ್ಲ, ಹಾಗಾಗಿ ಹಿಂದಿನ ಅಂಚು ಬಿಟ್ಟು ನಡುವಿನಿಂದಲೇ ಶುರುಮಾಡುತ್ತೇನೆ. ಟೇಪು ಹಿಡಿದ ಹುಡುಗರು ನನ್ನ ಹಳೆಯ ದೂರಕ್ಕೆ ಹೋಗಿ ನಿಂತರೆ ನಾನೇ ಕೂಗಿ ಹತ್ತಿರ ಕರೆಯುತ್ತೇನೆ. ಬಾರಿನ ಮೇಲಿನ ತೂಕ ಮಾತ್ರ ಏರುತ್ತಿದೆ.