ಫೋಟೋ ಹೌದು, ಆದರೆ ಪ್ರಶ್ನೆಪತ್ರಿಕೆಯೂ ಹೌದು: ಶಾಲಾ ಕಂಪ್ಯೂಟರಿನ ಫೈಲುಗಳನ್ನು ಗುಂಪು ಮಾಡಿದ ಅನುಭವ

ಎರಡನೇ ವರ್ಷದ 16 ವಾರಗಳ ಇಂಟರ್ನ್‌ಶಿಪ್‌ಗೆ ಹೋಗುವಾಗ ನಮ್ಮ ಚೀಲದಲ್ಲಿ ಪಾಠಯೋಜನೆ, ಚಾರ್ಟು, ಘಟಕ ಪರೀಕ್ಷೆಯ ನೀಲನಕ್ಷೆ ಎಲ್ಲವೂ ಇರುತ್ತವೆ. ಶಾಲೆಯ ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಬೋಧನೋಪಕರಣಗಳ ಕಡೆ ನಮ್ಮ ಗಮನ ಹೋಗುವುದು ಕಡಿಮೆ. ವರ್ಷಗಟ್ಟಲೆ ಶಿಕ್ಷಕರು ಕೂಡಿಸಿಟ್ಟ ವಿಡಿಯೋ, ಚಿತ್ರ, ಪ್ರಶ್ನೆಪತ್ರಿಕೆ, ಟಿಪ್ಪಣಿಗಳು ಅಲ್ಲಿ ಇದ್ದೇ ಇರುತ್ತವೆ. ಬೇಕಾದಾಗ ಕೈಗೆ ಸಿಗುವುದಿಲ್ಲ, ಅಷ್ಟೆ. ಈ ವರ್ಷ ನನ್ನ ಇಂಟರ್ನ್‌ಶಿಪ್‌ನ ಒಂದು ಭಾಗ ಅವುಗಳನ್ನು ಸಿಗುವಂತೆ ಮಾಡುವುದರಲ್ಲಿ ಕಳೆಯಿತು. ಅದರಿಂದ ವರ್ಗೀಕರಣದ ಬಗ್ಗೆ ನಾನು ಕಲಿತದ್ದನ್ನು ಸಹ ಪ್ರಶಿಕ್ಷಣಾರ್ಥಿಗಳೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ನಾನು ಚಿಂಚೋಳಿ ತಾಲ್ಲೂಕಿನ ಐನಾಪುರದವನು. ಬೋಧನಾಭ್ಯಾಸಕ್ಕೆ ಹೋದದ್ದು ನಮ್ಮ ಭಾಗದ್ದೇ ಒಂದು ಪ್ರೌಢಶಾಲೆಗೆ. ನಮ್ಮ ಕಡೆ ಡಿಸೆಂಬರ್, ಜನವರಿ ಬಂತೆಂದರೆ ತೊಗರಿ ರಾಶಿ. ಮಕ್ಕಳ ಹಾಜರಾತಿ ಇಳಿಯುತ್ತದೆ. ತಾಂಡಾಗಳ ಕೆಲವು ಮಕ್ಕಳು ತಂದೆ-ತಾಯಿಯ ಜೊತೆ ಮುಂಬೈ, ಪುಣೆ, ಹೈದರಾಬಾದಿನ ಕಡೆ ದುಡಿಯಲು ಹೋಗಿ, ಪರೀಕ್ಷೆ ಹತ್ತಿರ ಬಂದಾಗ ಮರಳುತ್ತಾರೆ. ಹಾಗೆ ಮರಳಿದ ಹತ್ತನೇ ತರಗತಿಯ ಹುಡುಗಿಯೊಬ್ಬಳು ‘ಲೋಹಗಳು ಮತ್ತು ಅಲೋಹಗಳು’ ಪಾಠವನ್ನು ಪೂರ್ತಿ ತಪ್ಪಿಸಿಕೊಂಡಿದ್ದಳು. “ಸರ್, ಆ ಪಾಠದ ವಿಡಿಯೋ ಅದ ಏನ್ರಿ?” ಎಂದು ಕೇಳಿದಳು. ವಿಡಿಯೋ ಇದೆ ಎಂಬುದು ಮಾರ್ಗದರ್ಶಕ ಶಿಕ್ಷಕರಿಗೆ ಗೊತ್ತಿತ್ತು, ಅವರೇ ಹಿಂದೆ ಇಳಿಸಿಕೊಂಡಿದ್ದರು. ‘ನ್ಯೂ ಫೋಲ್ಡರ್’ ಒಳಗೆ ‘ನ್ಯೂ ಫೋಲ್ಡರ್ 2’, ಅದರೊಳಗೆ ‘ಪೆನ್‌ಡ್ರೈವ್ ಹಳೇದು’, ಹೀಗೆ ಒಂದೊಂದೇ ತೆರೆಯುತ್ತಿರುವಾಗಲೇ ಕರೆಂಟು ಹೋಯಿತು. ಅವಧಿಯೂ ಮುಗಿಯಿತು. ಕಂಪ್ಯೂಟರು ಇದ್ದು, ವಿಡಿಯೋ ಇದ್ದು, ಮಗುವಿಗೆ ಅದು ಸಿಗಲಿಲ್ಲ. ಮರುದಿನ ಗುರುಗಳು ಈ ಕೆಲಸವನ್ನು ನನಗೆ ವಹಿಸಿದರು.

ಕಂಪ್ಯೂಟರು ತಾನಾಗಿಯೇ ಮಾಡಿಕೊಡುವ ಗುಂಪುಗಳನ್ನು ಮೊದಲು ನೋಡಿಕೊಂಡೆ. ವಿಂಡೋಸ್‌ನಲ್ಲಿ ಒಂದು ಫೋಲ್ಡರ್ ತೆರೆದು, ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ, ‘ಗ್ರೂಪ್ ಬೈ’ಯಲ್ಲಿ ‘ಟೈಪ್’ ಆರಿಸಿದರೆ ಫೈಲುಗಳು ವಿಧದ ಪ್ರಕಾರ ಬೇರೆ ಬೇರೆ ತಲೆಬರಹಗಳ ಕೆಳಗೆ ಬಂದು ನಿಲ್ಲುತ್ತವೆ. ಇದು ತೆರೆದಿರುವ ಫೋಲ್ಡರಿಗೆ ಮಾತ್ರ ಅನ್ವಯಿಸುತ್ತದೆ. ಒಳಗಿನ ಎಲ್ಲಾ ಫೋಲ್ಡರುಗಳೂ ಸೇರಬೇಕಾದರೆ ಹುಡುಕುವ ಪೆಟ್ಟಿಗೆಯಲ್ಲಿ ನಕ್ಷತ್ರ ಚಿಹ್ನೆ ಹಾಕಿ, ಬಂದ ಫಲಿತಾಂಶವನ್ನು ಗುಂಪು ಮಾಡಬೇಕು. ನಾನು ಹಾಗೆ ಮಾಡಿದಾಗ ಒಂದು ವಿಚಿತ್ರ ಕಂಡಿತು. ಹಳೆಯ ವರ್ಡ್‌ನ ‘ಡಾಕ್’ ಫೈಲುಗಳದ್ದು ಒಂದು ಗುಂಪು, ಹೊಸ ವರ್ಡ್‌ನ ‘ಡಾಕ್‌ಎಕ್ಸ್’ ಫೈಲುಗಳದ್ದು ಇನ್ನೊಂದು. ಚಿತ್ರಗಳೂ ಜೆಪಿಜಿ, ಜೆಪಿಇಜಿ, ಪಿಎನ್‌ಜಿ ಎಂದು ಮೂರು ಕಡೆ ಹಂಚಿಹೋಗಿದ್ದವು. ನಮ್ಮ ಕಣ್ಣಿಗೆ ಎಲ್ಲವೂ ಚಿತ್ರವೇ, ಆದರೆ ಕಂಪ್ಯೂಟರಿಗೆ ಬಾಲ ಬೇರೆಯಾದರೆ ಜಾತಿಯೇ ಬೇರೆ.

ಇದಕ್ಕೆ ವಿಂಡೋಸ್‌ನಲ್ಲೇ ಒಂದು ಪರಿಹಾರವಿದೆ. ‘ಗ್ರೂಪ್ ಬೈ’ ಪಟ್ಟಿಯ ಕೊನೆಯಲ್ಲಿ ‘ಮೋರ್’ ಒತ್ತಿ ‘ಕೈಂಡ್’ ಎಂಬುದನ್ನು ಸೇರಿಸಿಕೊಂಡರೆ ಚಿತ್ರ, ವಿಡಿಯೋ, ದಾಖಲೆ ಎಂಬ ದೊಡ್ಡ ಗುಂಪುಗಳು ಸಿಗುತ್ತವೆ. ನಮಗೆ ಬೇಕಾದ ವಿಧಗಳನ್ನೇ ಕೂಡಿಸಿ ಹುಡುಕಿ, ಆ ಹುಡುಕಾಟವನ್ನು ‘ಸೇವ್ ಸರ್ಚ್’ ಮೂಲಕ ಉಳಿಸಿಕೊಳ್ಳಲೂಬಹುದು. ಮುಂದೆ ಅದನ್ನು ತೆರೆದಾಗಲೆಲ್ಲ ಹೊಸದಾಗಿ ಸೇರಿದ ಫೈಲುಗಳೂ ಅದರಲ್ಲಿ ಬರುತ್ತವೆ. ಫೈಲುಗಳು ಮಾತ್ರ ಇದ್ದ ಜಾಗದಲ್ಲೇ ಇರುತ್ತವೆ.

ಹೀಗೆ ಚಿತ್ರಗಳನ್ನೆಲ್ಲ ಒಂದೇ ತೆರೆಯಲ್ಲಿ ನೋಡಿದಾಗ ಗುರುಗಳೂ ನಾನೂ ಮಕ್ಕಳನ್ನು ಒಳಗೆ ಕರೆಯುವ ಮೊದಲೇ ಒಂದು ಕೆಲಸ ಮುಗಿಸಬೇಕೆಂದು ತೀರ್ಮಾನಿಸಿದೆವು. ಸ್ವಾತಂತ್ರ್ಯ ದಿನಾಚರಣೆಯ ಫೋಟೋಗಳ ಪಕ್ಕದಲ್ಲೇ ವಿದ್ಯಾರ್ಥಿವೇತನಕ್ಕಾಗಿ ಸ್ಕ್ಯಾನ್ ಮಾಡಿದ ಆಧಾರ್ ಕಾರ್ಡು, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕುಗಳು ಇದ್ದವು. ವಿಧದ ದೃಷ್ಟಿಯಿಂದ ಎರಡೂ ಜೆಪಿಜಿ. ಆದರೆ ಒಂದನ್ನು ಗೋಡೆಗೆ ಅಂಟಿಸಬಹುದು, ಇನ್ನೊಂದನ್ನು ಯಾವ ಸಹಪಾಠಿಯೂ ನೋಡಬಾರದು. ಅವನ್ನೆಲ್ಲ ಆರಿಸಿ ತೆಗೆದು, ಮುಖ್ಯೋಪಾಧ್ಯಾಯರ ಕೊಠಡಿಯ ಕಂಪ್ಯೂಟರಿಗೆ ಸಾಗಿಸಿ, ಪ್ರಯೋಗಾಲಯದ ಪ್ರತಿಗಳನ್ನು ಅಳಿಸಿದೆವು. ವಿಧದ ಪ್ರಕಾರ ಮಾಡಿದ ಗುಂಪು ಎಲ್ಲಿಯವರೆಗೆ ಸಾಕು, ಎಲ್ಲಿಂದ ಸಾಲದು ಎಂಬುದು ನನಗೆ ಸ್ಪಷ್ಟವಾದದ್ದು ಇಲ್ಲಿ.

ಆಮೇಲೆ ಒಂಬತ್ತನೇ ತರಗತಿಯ ಎಂಟು ಮಕ್ಕಳ ಒಂದು ತಂಡ ಮಾಡಿಕೊಂಡೆ. ಇದನ್ನು ಗುಮಾಸ್ತಿಕೆಯ ಕೆಲಸವಾಗಿ ಮಾಡಿಸದೆ ವಿಜ್ಞಾನದ ಚಟುವಟಿಕೆಯಾಗಿ ಮಾಡಿಸಬೇಕೆಂಬುದು ನನ್ನ ಉದ್ದೇಶ. ಮೊದಲು ‘ವ್ಯೂ’ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬಲ್ಲಿ ಗುರುತು ಹಾಕಿ ಫೈಲುಗಳ ಬಾಲಗಳು ಕಾಣುವಂತೆ ಮಾಡಿದೆ, ವಿಂಡೋಸ್ ಸಾಮಾನ್ಯವಾಗಿ ಅವನ್ನು ಮುಚ್ಚಿಟ್ಟಿರುತ್ತದೆ. ಒಂದು ಚಿತ್ರದ ನಕಲು ತೆಗೆದು ಅದರ ಬಾಲವನ್ನು ಜೆಪಿಜಿಯಿಂದ ಎಂಪಿ3 ಎಂದು ಬದಲಿಸಲು ಹೇಳಿದೆ. ಕ್ಷಣದಲ್ಲಿ ಅದರ ಗುರುತಿನ ಚಿತ್ರ ಹಾಡಿನದ್ದಾಯಿತು, ಅದು ಹಾಡುಗಳ ಗುಂಪಿಗೆ ಹೋಯಿತು. ತೆರೆದರೆ ಹಾಡು ಬರಲಿಲ್ಲ. ಬಾಲವನ್ನು ಮತ್ತೆ ಜೆಪಿಜಿ ಮಾಡಿದರೆ ಚಿತ್ರ ಹಾಗೇ ಇತ್ತು. ಒಳಗಿನ ದತ್ತಾಂಶ ಒಂದಿಷ್ಟೂ ಬದಲಾಗಿರಲಿಲ್ಲ, ಬದಲಾದದ್ದು ಹೆಸರಿನ ಚೀಟಿ ಮಾತ್ರ.

ಹತ್ತನೇ ತರಗತಿಯಲ್ಲಿ ಲೋಹ-ಅಲೋಹ ಪಾಠವನ್ನು ಪುನರಾವರ್ತನೆ ಮಾಡಿಸುವಾಗ ಈ ಅನುಭವ ನನಗೆ ಚೆನ್ನಾಗಿ ಒದಗಿತು. ಲೋಹ ಎಂದರೆ ಗಟ್ಟಿ, ಹೊಳಪು ಎಂದು ಮಕ್ಕಳು ಹೇಳುತ್ತಾರೆ. ಆದರೆ ಪಾದರಸ ಕೊಠಡಿಯ ತಾಪದಲ್ಲಿ ದ್ರವ, ಸೋಡಿಯಂ ಚಾಕುವಿನಿಂದ ಕತ್ತರಿಸುವಷ್ಟು ಮೆದು. ಅಯೋಡಿನ್ ಅಲೋಹವಾದರೂ ಹೊಳೆಯುತ್ತದೆ, ಗ್ರಾಫೈಟ್ ಅಲೋಹವಾದ ಕಾರ್ಬನ್ನಿನ ರೂಪವಾದರೂ ವಿದ್ಯುತ್ತನ್ನು ಹರಿಸುತ್ತದೆ. ಕಣ್ಣಿಗೆ ಕಾಣುವ ಒಂದೇ ಗುಣದ ಮೇಲೆ ಗುಂಪು ಮಾಡಿದರೆ ಹೀಗೆ ಅಪವಾದಗಳು ಬರುತ್ತವೆ, ಅದಕ್ಕೇ ರಾಸಾಯನಿಕ ವರ್ತನೆಯನ್ನು ಪರೀಕ್ಷಿಸುತ್ತೇವೆ. ತಂಡದಲ್ಲಿದ್ದ ಮಕ್ಕಳು ಬಾಲ ಬದಲಿಸಿದ ಫೈಲನ್ನು ಹತ್ತನೇ ತರಗತಿಯವರಿಗೆ ತೋರಿಸಿದಾಗ ಈ ಮಾತು ಅವರಿಗೆ ಬೇಗ ಹಿಡಿಯಿತು.

ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇನ್ನೊಂದು ತೊಡಕು ಇರುತ್ತದೆ. ಅದು ವಿಧದ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಒಂದೇ ‘ಡಾಕ್’ ಗುಂಪಿನಲ್ಲಿದ್ದ ಕೆಲವು ಪ್ರಶ್ನೆಪತ್ರಿಕೆಗಳು ಅಚ್ಚುಕಟ್ಟಾಗಿ ತೆರೆದುಕೊಂಡವು. ಇನ್ನು ಕೆಲವು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿ ಕಂಡವು. ಇವು ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದವು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಲಾಗಿದೆ. ಫಾಂಟು ಇದ್ದರೆ ಓದಬಹುದು, ಇಲ್ಲದಿದ್ದರೆ ಇಲ್ಲ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ, 1991ರಲ್ಲಿ ಬಂದ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿ ಸೇರಿದೆ. ನಾವು ಈಗ ಯೂನಿಕೋಡ್‌ನಲ್ಲಿ ‘ಲವಣ’ ಎಂದು ಟೈಪ್ ಮಾಡಿ ಹುಡುಕಿದರೆ ನುಡಿಯ ಹಳೆಯ ಫೈಲಿನೊಳಗಿನ ‘ಲವಣ’ ಸಿಗುವುದಿಲ್ಲ. ಆದ್ದರಿಂದ ‘ಯೂನಿಕೋಡ್‌ಗೆ ಬದಲಿಸಬೇಕಾದವು’ ಎಂಬ ಗುಂಪನ್ನು ನಾವೇ ಮಾಡಿಕೊಂಡೆವು. ನುಡಿಯ ಜೊತೆ ಬರುವ ಪರಿವರ್ತಕದಿಂದ ಅವನ್ನು ಒಂದೊಂದಾಗಿ ಬದಲಿಸಿ, ಒತ್ತಕ್ಷರಗಳು ಸರಿಯಾಗಿವೆಯೇ ಎಂದು ಮಕ್ಕಳೇ ಓದಿ ನೋಡಿದರು. ಅವರಿಗೆ ಅದು ಪಾಠದ ಪುನರಾವರ್ತನೆಯೂ ಆಯಿತು.

ನಿಜವಾದ ಚರ್ಚೆ ನಡೆದದ್ದು ವಾಟ್ಸ್‌ಆ್ಯಪ್‌ನಿಂದ ಬಂದ ಚಿತ್ರಗಳ ಬಗ್ಗೆ. ಬೇರೆ ಶಾಲೆಗಳ ಶಿಕ್ಷಕರು ಪ್ರಶ್ನೆಪತ್ರಿಕೆಗಳ ಫೋಟೋ ತೆಗೆದು ಕಳಿಸಿದ್ದರು. ಒಬ್ಬಳು ಅವನ್ನು ಚಿತ್ರಗಳ ಗುಂಪಿಗೆ ಹಾಕಿದಳು. ಪಕ್ಕದಲ್ಲಿದ್ದ ಹುಡುಗ ಒಪ್ಪಲಿಲ್ಲ. “ಫೋಟೋ ಅದ ಖರೆ. ಆದ್ರ ಅದು ಪ್ರಶ್ನೆಪತ್ರಿಕಿ ಅಲ್ಲೇನ್ರಿ ಸರ್? ಓದಾಕ ಕುಂತಾಗ ಫೋಟೋದಾಗ ಯಾರು ಹುಡುಕ್ತಾರ್ರಿ?” ಎಂದ. ನಾನು ಉತ್ತರ ಹೇಳದೆ ಪ್ರಶ್ನೆಯನ್ನು ಇಡೀ ತಂಡಕ್ಕೆ ಬಿಟ್ಟೆ. ಅರ್ಧ ಅವಧಿ ಇದೇ ನಡೆಯಿತು. ಕೊನೆಗೆ ಅವರೇ ಒಂದು ಅಳತೆಗೋಲು ಕಂಡುಕೊಂಡರು: ಇದನ್ನು ಯಾರು, ಯಾವಾಗ, ಯಾತಕ್ಕಾಗಿ ಹುಡುಕುತ್ತಾರೆ?

ಈ ಮಾತು ನನಗೆ ಹೊಸದಾಗಿ ಕಾಣಲಿಲ್ಲ. ಐನಾಪುರದ ನಮ್ಮ ಮನೆಯಲ್ಲಿ ರಾಶಿ ಮುಗಿದ ಮೇಲೆ ಅವ್ವ ತೊಗರಿಯನ್ನು ಮೂರು ಪಾಲು ಮಾಡುತ್ತಾಳೆ. ಕಾಳು ತುಂಬಿದ್ದು, ಹುಳ ಮುಟ್ಟದ್ದು ಬೀಜಕ್ಕೆ. ಒಂದಿಷ್ಟು ಮನೆಯ ಬೇಳೆಗೆ. ಉಳಿದದ್ದು ಚೀಲ ತುಂಬಿ ಮಾರಾಟಕ್ಕೆ. ಮೂರೂ ಒಂದೇ ಹೊಲದ ಒಂದೇ ತೊಗರಿ. ವಿಧ ನೋಡಿದರೆ ಗುಂಪು ಒಂದೇ. ಆದರೆ ಬಿತ್ತುವ ಹೊತ್ತಿಗೆ ಬೀಜದ ಚೀಲವನ್ನು ಬೇಳೆಯ ಚೀಲಗಳ ನಡುವೆ ಹುಡುಕುತ್ತ ಕೂರಲಾಗುವುದಿಲ್ಲ. ಮಕ್ಕಳಿಗೆ ಈ ಉದಾಹರಣೆ ಹೇಳಿದಾಗ, ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಜೋಳ, ಕಡಲೆ ಹೇಗೆ ಬೇರೆ ಮಾಡಿಡುತ್ತಾರೆ ಎಂದು ಹೇಳತೊಡಗಿದರು.

ಹಾಗಾದರೆ ಒಂದು ಫೈಲು ಎರಡು ಗುಂಪುಗಳಿಗೂ ಸೇರಿದರೆ? ಗ್ರಂಥಾಲಯಗಳು ಈ ಸಮಸ್ಯೆಯನ್ನು ಬಹಳ ಹಿಂದೆಯೇ ಎದುರಿಸಿವೆ. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ ಮೂಲತಃ ಗಣಿತದ ಅಧ್ಯಾಪಕರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಲು ಆರಂಭಿಸಿದ ಅವರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣ ಪುಸ್ತಕವನ್ನು ಒಂದೇ ಖಾನೆಗೆ ಸೇರಿಸಿ ಸುಮ್ಮನಾಗುವುದಿಲ್ಲ. ವಿಷಯವನ್ನು ಅದರ ಮುಖಗಳಾಗಿ ಬಿಡಿಸಿ, ಆ ಮುಖಗಳನ್ನು ಜೋಡಿಸಿ ಸಂಖ್ಯೆ ಕೊಡುತ್ತದೆ. ಸ್ಥಳ, ಕಾಲಗಳೂ ಅದರಲ್ಲಿ ಮುಖಗಳೇ. ಓದುಗರ ಸಮಯ ಉಳಿಯಬೇಕು ಎಂಬುದು ಅವರ ಐದು ಸೂತ್ರಗಳಲ್ಲಿ ಒಂದು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಗಾಗಿ ಅವರು ಸ್ಥಾಪಿಸಿದ ಕೇಂದ್ರ ಇಂದಿಗೂ ಇದೆ.

ಅದೇ ತತ್ವವನ್ನು ನಮ್ಮ ಅಳತೆಗೆ ಇಳಿಸಿಕೊಂಡೆವು. ಪ್ರತಿ ಫೈಲಿನ ಹೆಸರಿನಲ್ಲೇ ಅದರ ಮುಖಗಳು ಇರಬೇಕು: ತರಗತಿ, ವಿಷಯ, ಪಾಠ, ಉಪಯೋಗ, ವರ್ಷ. ಉದಾಹರಣೆಗೆ ‘10-ವಿಜ್ಞಾನ-ಲೋಹ-ಪ್ರಶ್ನೆ-2023’. ಈಗ ‘ಲೋಹ’ ಎಂದು ಹುಡುಕಿದರೆ ಆ ಪಾಠದ ವಿಡಿಯೋ, ಚಿತ್ರ, ಟಿಪ್ಪಣಿ, ಪ್ರಶ್ನೆಪತ್ರಿಕೆ ಎಲ್ಲವೂ ಒಟ್ಟಿಗೆ ಬರುತ್ತವೆ. ‘ಪ್ರಶ್ನೆ’ ಎಂದು ಹುಡುಕಿದರೆ ಎಲ್ಲಾ ಪಾಠಗಳ ಪ್ರಶ್ನೆಪತ್ರಿಕೆಗಳು, ಅವು ಪಿಡಿಎಫ್ ಆಗಿರಲಿ, ಫೋಟೋ ಆಗಿರಲಿ. ವಿಂಡೋಸ್‌ನಲ್ಲಿ ಚಿತ್ರಗಳಿಗೆ, ಹೊಸ ವರ್ಡ್ ಫೈಲುಗಳಿಗೆ ಟ್ಯಾಗ್ ಹಾಕುವ ಸೌಲಭ್ಯವೂ ಇದೆ. ಆದರೆ ಎಲ್ಲಾ ವಿಧದ ಫೈಲುಗಳಿಗೆ ಅದು ನಡೆಯುವುದಿಲ್ಲ. ಉಳಿಸಿದ ಹುಡುಕಾಟ ಪೆನ್‌ಡ್ರೈವ್ ಜೊತೆ ಇನ್ನೊಂದು ಶಾಲೆಗೆ ಹೋಗುವುದಿಲ್ಲ. ಹೆಸರು ಮಾತ್ರ ಫೈಲಿನ ಜೊತೆಗೇ ಎಲ್ಲಿಗಾದರೂ ಹೋಗುತ್ತದೆ, ಫೋನಿಗೂ.

ಉಪಯೋಗದ ಗುಂಪುಗಳನ್ನು ಐದಕ್ಕೆ ನಿಲ್ಲಿಸಿದೆವು: ಪಾಠ ಕೇಳಲು, ಪ್ರಯೋಗ ನೋಡಲು, ಪ್ರಶ್ನೆ ಬಿಡಿಸಲು, ಶಿಕ್ಷಕರ ತಯಾರಿಗೆ, ಶಾಲೆಯ ನೆನಪಿಗೆ. ಐದಕ್ಕಿಂತ ಹೆಚ್ಚಾದರೆ ಯಾವ ಗುಂಪು ಯಾವುದೆಂದು ಮಕ್ಕಳಿಗೆ ನೆನಪಿರುವುದಿಲ್ಲ ಎಂದು ತಂಡವೇ ಹೇಳಿತು. ಮೂರು ವಾರ, ದಿನಕ್ಕೆ ಒಂದು ಅವಧಿಯಂತೆ ಕೆಲಸ ನಡೆಯಿತು. ಮೊದಲು ಮುಗಿಸಿದ್ದು ಹತ್ತನೇ ತರಗತಿಯ ವಿಜ್ಞಾನವನ್ನು. ಆ ಹುಡುಗಿಗೆ ಲೋಹ-ಅಲೋಹದ ವಿಡಿಯೋ ಜೊತೆಗೆ ಅದೇ ಪಾಠದ ಪ್ರಶ್ನೆಪತ್ರಿಕೆಗಳೂ ಸಿಕ್ಕವು. ವಿಡಿಯೋವನ್ನು ಎರಡು ಸಲ ನೋಡಿ, ಸತುವಿನ ಜೊತೆ ಸಾರರಿಕ್ತ ಆಮ್ಲದ ವರ್ತನೆಯ ಸಮೀಕರಣವನ್ನು ತಾನೇ ಸರಿದೂಗಿಸಿ ತಂದಳು. ಆಮೇಲೆ ನನ್ನನ್ನು ಕೇಳದೆಯೇ ‘ಆಮ್ಲ’ ಎಂದು ಟೈಪ್ ಮಾಡಿ ಮುಂದಿನ ಪಾಠ ಹುಡುಕುತ್ತಿದ್ದಳು. ತಡವಾಗಿ ಮರಳಿದ ಇನ್ನಿಬ್ಬರಿಗೆ ಹುಡುಕುವುದನ್ನು ಕಲಿಸಿದ್ದೂ ಅವಳೇ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸೂಚನೆಗಳು ಕೆಲವೇ. ಇಂಟರ್ನ್‌ಶಿಪ್‌ನ ಮೊದಲ ವಾರದಲ್ಲೇ ಶಾಲೆಯ ಕಂಪ್ಯೂಟರಿನಲ್ಲಿ ಏನಿದೆ ಎಂದು ಗುರುಗಳ ಅನುಮತಿ ಪಡೆದು ನೋಡಿ. ವಿಧದ ಪ್ರಕಾರ ಗುಂಪು ಮಾಡುವುದನ್ನು ಮೊದಲ ಜರಡಿಯಾಗಿ ಬಳಸಿ. ಎಷ್ಟು ಏನಿದೆ ಎಂದು ತಿಳಿಯಲು ಅದು ಬಹಳ ಒಳ್ಳೆಯದು. ಮಕ್ಕಳ ವೈಯಕ್ತಿಕ ದಾಖಲೆಗಳನ್ನು ಎಲ್ಲಕ್ಕಿಂತ ಮೊದಲು ಬೇರ್ಪಡಿಸಿ. ಯಾವುದನ್ನಾದರೂ ಬದಲಿಸುವ ಮುನ್ನ ಇಡೀ ಸಂಗ್ರಹದ ಒಂದು ನಕಲು ತೆಗೆದಿಡಿ. ಉಪಯೋಗದ ಗುಂಪುಗಳನ್ನು ಮಾತ್ರ ನೀವೇ ತೀರ್ಮಾನಿಸಬೇಡಿ, ಹುಡುಕುವವರನ್ನು ಕೇಳಿ. ನಮ್ಮ ಪಾಠಯೋಜನೆಯಲ್ಲಿ ‘ವರ್ಗೀಕರಿಸುವನು’ ಎಂದು ಒಂದು ನಿರ್ದಿಷ್ಟ ಉದ್ದೇಶ ಬರೆಯುತ್ತೇವೆ. ಎರಡು ಕಾಲಂ ಕೊಟ್ಟು ತುಂಬಿಸಿದರೆ ಆ ಉದ್ದೇಶ ಪೂರ್ತಿ ಈಡೇರುವುದಿಲ್ಲ. ಕಾಲಂ ಯಾವುದಿರಬೇಕು ಎಂದು ಮಕ್ಕಳು ವಾದಿಸಿದಾಗ ಅದು ಈಡೇರುವುದನ್ನು ನಾನು ಕಣ್ಣಾರೆ ಕಂಡೆ.

ನಾನು ಹೊರಡುವ ಹೊತ್ತಿಗೆ ಎಂಟನೇ ತರಗತಿಯ ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಫೈಲುಗಳು ಬಾಕಿ ಇದ್ದವು. ಹೆಸರಿಡುವ ನಿಯಮವನ್ನು ಮಕ್ಕಳು ದೊಡ್ಡ ಹಾಳೆಯಲ್ಲಿ ಬರೆದು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ಮುಂದಿನ ತಂಡದಲ್ಲಿ ಇಂಟರ್ನ್‌ಶಿಪ್‌ಗೆ ಹೋಗುವವರು ಅಲ್ಲಿಂದ ಮುಂದುವರಿಸಬಹುದು.