ಹಾಲಿದೆಯವರ ತರಗತಿ

ಸಭೆಗಳಲ್ಲಿ ಗುಡುಗಿ ದಣಿದವರು ಕೊನೆಗೆ ಕಾಲೇಜಿನ ನೆರಳು ಹುಡುಕಿಕೊಂಡು ಬರುತ್ತಾರೆಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವರಿಗೆ ಅದು ಸ್ವಲ್ಪ ಚುಚ್ಚುತ್ತದೆ. ಹಾಗೆ ಚುಚ್ಚಿದಾಗಲೆಲ್ಲ ನಾನು ತುರ್ಕಿಯ ಹಾಲಿದೆ ಎದಿಬ್ ಅವರನ್ನು ನೆನೆಯುತ್ತೇನೆ. ಕನ್ನಡದ ಕಿವಿಗೆ ಅಡಿಗೆಮನೆಯ ಮಾತಿನಂತೆ ಕೇಳಿಸುವ ಈ ಹೆಸರಿನ ಹೆಣ್ಣುಮಗಳು ಅಡಿಗೆಮನೆಯ ಹೊಸಿಲಿನಾಚೆ ಬಹುದೂರ ನಡೆದವರು.

ಹುಟ್ಟಿದ್ದು 1884ರಲ್ಲಿ, ಇಸ್ತಾಂಬುಲ್ ನಗರದಲ್ಲಿ. ತಂದೆ ಸುಲ್ತಾನರ ಅರಮನೆಯ ಅಧಿಕಾರಿ. ಮಗಳನ್ನು ಅವರು ಅಮೆರಿಕನ್ನರು ನಡೆಸುತ್ತಿದ್ದ ಹೆಣ್ಣುಮಕ್ಕಳ ಕಾಲೇಜಿಗೆ ಸೇರಿಸಿದರು. ಅದು ಕೂಡದೆಂದು ಸುಲ್ತಾನರ ಅಪ್ಪಣೆಯಾಯಿತು. ಹುಡುಗಿ ಪುಸ್ತಕ ಮಡಿಚಿ ಮನೆಗೆ ಮರಳಬೇಕಾಯಿತು. ಕೆಲವು ವರ್ಷ ಮನೆಪಾಠವಾದ ಮೇಲೆ ಮತ್ತೆ ಸೇರಿ, 1901ರಲ್ಲಿ ಅಲ್ಲಿ ಪದವಿ ಪಡೆದಳು. ಅದೇ ವರ್ಷ, ಗಣಿತ ಕಲಿಸುತ್ತಿದ್ದ ವಿದ್ವಾಂಸ ಸಾಲಿಹ್ ಜೆಕಿಯವರೊಡನೆ ಮದುವೆ. ತಂದೆಯ ಮನೆಯಲ್ಲೇ ಸವತಿಯರ ಸಂಕಟವನ್ನು ಕಂಡಿದ್ದ ಆಕೆಗೆ ಅದೇ ಪಾಡು ತನಗೂ ಬಂದಾಗ ಸಹಿಸಲಾಗಲಿಲ್ಲ. ಗಂಡ ಎರಡನೆಯ ಹೆಂಡತಿಯನ್ನು ತರಲು ಹೊರಟಾಗ, 1910ರಲ್ಲಿ, ಇಬ್ಬರು ಗಂಡುಮಕ್ಕಳ ತಾಯಿ ವಿಚ್ಛೇದನ ಪಡೆದರು.

1908ರಲ್ಲಿ ಸಂವಿಧಾನ ಮರಳಿ ಜಾರಿಗೆ ಬಂದಾಗಿನಿಂದ ಹಾಲಿದೆಯವರು ಪತ್ರಿಕೆಗಳಲ್ಲಿ ಬರೆಯತೊಡಗಿದ್ದರು. ಹೆಣ್ಣುಮಕ್ಕಳ ವಿದ್ಯಾಭ್ಯಾಸವೇ ಅವರ ಮುಖ್ಯ ವಿಷಯ. ಮರುವರ್ಷ ಹೊಸತನದ ವಿರೋಧಿಗಳು ದಂಗೆಯೆದ್ದಾಗ ಎಳೆಯ ಮಕ್ಕಳೊಡನೆ ಈಜಿಪ್ಟಿಗೆ ಓಡಬೇಕಾಯಿತು. ಈ ಕಾಲದಲ್ಲೇ ಸ್ತ್ರೀಯರ ಏಳಿಗೆಗಾಗಿ ಸಂಘ ಕಟ್ಟಿದರು, ಶಿಕ್ಷಕಿಯರ ತರಬೇತಿ ಶಾಲೆಯಲ್ಲಿ ಪಾಠವನ್ನೂ ಹೇಳಿದರು. 1919ರ ಮೇ ತಿಂಗಳಲ್ಲಿ ಸುಲ್ತಾನಹ್ಮೆತ್ ಚೌಕದಲ್ಲಿ ನೆರೆದ ಭಾರಿ ಜನಸಮೂಹದ ಮುಂದೆ ಪರದೇಶದವರ ಆಕ್ರಮಣವನ್ನು ಖಂಡಿಸಿ ಮಾತನಾಡಿದರು. ಆಮೇಲೆ ಅನಾತೋಲಿಯಕ್ಕೆ ತಪ್ಪಿಸಿಕೊಂಡು ಹೋಗಿ ಮುಸ್ತಫಾ ಕೆಮಾಲರ ಪಕ್ಷ ಸೇರಿದಾಗ ಇಸ್ತಾಂಬುಲ್ ಸರ್ಕಾರ ಮರಣದಂಡನೆ ವಿಧಿಸಿತು. ಅವರೋ ಸೈನ್ಯದಲ್ಲಿ ಸಾರ್ಜೆಂಟ್ ಆದರು!

ಆ ಬದುಕು ಕಲೆಯಿಲ್ಲದ್ದೇನೂ ಅಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಸಿರಿಯ, ಲೆಬನಾನ್ ಕಡೆಯ ಶಾಲೆಗಳ ಹೊಣೆ ಹೊತ್ತಾಗ, ಅವರ ಮೇಲ್ವಿಚಾರಣೆಗೆ ಬಂದ ಅನಾಥಾಲಯವೊಂದರಲ್ಲಿ ಆರ್ಮೇನಿಯದ ಮಕ್ಕಳಿಗೆ ತುರ್ಕಿ ಹೆಸರುಗಳನ್ನಿಡಲಾಗಿತ್ತು. ಕಲಿಸುವ ಕೈಗೆ ಕಸಿದುಕೊಳ್ಳುವ ಶಕ್ತಿಯೂ ಉಂಟೆಂಬುದನ್ನು ಅಧ್ಯಾಪಕರಾದವರು ಮರೆಯಬಾರದು.

ಗೆದ್ದ ಮೇಲೆ ಕೆಮಾಲರೊಡನೆ ಮನಸ್ತಾಪ ಬಂತು. ಎರಡನೆಯ ಪತಿ ಅದ್ನಾನ್ ಅವರೊಡನೆ ದೇಶ ಬಿಟ್ಟರು. ಮರಳಿದ್ದು ಕೆಮಾಲರು ತೀರಿಕೊಂಡ ಮರುವರ್ಷ, 1939ರಲ್ಲಿ. 1934ರಲ್ಲಿ ತುರ್ಕಿಯ ಹೆಂಗಸರಿಗೆ ಪಾರ್ಲಿಮೆಂಟಿನ ಮತಾಧಿಕಾರ ದೊರೆತಾಗ, ಅದಕ್ಕಾಗಿ ಹಾದಿ ಸವೆಸಿದ ಈ ಹೆಂಗಸು ಪರದೇಶದಲ್ಲಿದ್ದರು. ಆದರೆ ಬರಿಗೈಯಲ್ಲಿ ಕೂತಿರಲಿಲ್ಲ. ಅಮೆರಿಕದಲ್ಲಿ ಪಾಠ ಹೇಳಿಯಾಗಿತ್ತು. 1935ರ ಆರಂಭದಲ್ಲಿ ಡಾಕ್ಟರ್ ಅನ್ಸಾರಿಯವರ ಕರೆಯ ಮೇಲೆ ದೆಹಲಿಯ ಜಾಮಿಯಾ ಮಿಲ್ಲಿಯಾಕ್ಕೆ ಬಂದು ಉಪನ್ಯಾಸಮಾಲೆಯನ್ನು ಕೊಟ್ಟರು; ಗಾಂಧೀಜಿಯನ್ನೂ ಕಂಡರು. ನಮ್ಮ ದೇಶದ ಮೇಲೆ ಅವರು ಬರೆದ ಪುಸ್ತಕ 1937ರಲ್ಲಿ ಅಚ್ಚಾಯಿತು.

1940ರಲ್ಲಿ, ಐವತ್ತಾರರ ವಯಸ್ಸಿನಲ್ಲಿ, ಇಸ್ತಾಂಬುಲ್ ವಿಶ್ವವಿದ್ಯಾನಿಲಯದ ಇಂಗ್ಲಿಷ್ ಸಾಹಿತ್ಯ ವಿಭಾಗಕ್ಕೆ ಮುಖ್ಯಸ್ಥೆಯಾದರು. ಸಹೋದ್ಯೋಗಿಯೊಬ್ಬರೊಡನೆ ಹ್ಯಾಮ್ಲೆಟ್ ನಾಟಕವನ್ನು ತುರ್ಕಿ ಭಾಷೆಗೆ ತಂದರು. ಇಂಗ್ಲಿಷ್ ಸಾಹಿತ್ಯದ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದರು. 1950ರಿಂದ ನಾಲ್ಕು ವರ್ಷ ಪಾರ್ಲಿಮೆಂಟಿನಲ್ಲಿಯೂ ಇದ್ದರು. 1964ರಲ್ಲಿ ತೀರಿಕೊಂಡರು.

ಸೈನ್ಯದ ಉಡುಪು ತೊಟ್ಟವರು ಷೇಕ್ಸ್‌ಪಿಯರನನ್ನು ಹಿಡಿದು ಕೂತರೆ ಅದು ವಿಶ್ರಾಂತಿಯೆ? ನನಗೆ ಹಾಗೆ ತೋರುವುದಿಲ್ಲ. ಚೌಕದಲ್ಲಿ ನೆರೆದ ಜನ ಒಂದು ದಿನ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ತರಗತಿಯಲ್ಲಿರುವವರು ಮರುದಿನ ಬಂದು ಎದುರು ಪ್ರಶ್ನೆ ಹಾಕುತ್ತಾರೆ. ಮತಾಧಿಕಾರವನ್ನು ಕಾನೂನು ಒಂದೇ ದಿನದಲ್ಲಿ ಕೊಡಬಲ್ಲುದು. ಸ್ವಂತವಾಗಿ ಯೋಚಿಸಿ ಮತ ಹಾಕುವ ಬುದ್ಧಿ ಪಾಠದಿಂದ ಪಾಠಕ್ಕೆ, ವರ್ಷದಿಂದ ವರ್ಷಕ್ಕೆ ಬೆಳೆಯಬೇಕು. ಒಬ್ಬ ಅರಸನ ಅಪ್ಪಣೆಗೆ ಬೆಂಚು ಬಿಟ್ಟೆದ್ದ ಹುಡುಗಿಗೆ ಇದು ಚೆನ್ನಾಗಿ ಗೊತ್ತಿದ್ದೀತು. ಯಾರ ಅಪ್ಪಣೆಗೂ ಏಳಬೇಕಾಗದ ಬೆಂಚುಗಳನ್ನು ಉಳಿಸಿಕೊಡುವುದೂ ಹೋರಾಟವೇ.