ಲೆಕ್ಕಕ್ಕಿಲ್ಲದ ಜಾಗ

ಮಹಾನಗರದಲ್ಲಿ ಮನೆ ಕೊಂಡವರಿಗೆಲ್ಲ ಕಾರ್ಪೆಟ್ ಏರಿಯಾ ಎಂಬ ಶಬ್ದ ಬಾಯಿಪಾಠ. 2016ರ ರೇರಾ ಕಾಯ್ದೆ ಅದಕ್ಕೊಂದು ಖಚಿತ ಅರ್ಥ ಕೊಟ್ಟಿದೆ. ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ನೆಲ, ಒಳಗಿನ ಅಡ್ಡಗೋಡೆಗಳೂ ಸೇರಿ. ಹೊರಗೋಡೆ, ಪೈಪುಗಳ ಡಕ್ಟು, ಬಾಲ್ಕನಿ, ತೆರೆದ ಟೆರೇಸು ಇವು ಅದರಲ್ಲಿ ಬರುವುದಿಲ್ಲ. ಹಾಗಾಗಿ ಪುಣೆಯ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನ ಕರಾರುಪತ್ರದಲ್ಲಿ ಕಾರ್ಪೆಟ್ 612 ಚದರ ಅಡಿ ಎಂದು ಒಂದು ಸಾಲಿದೆ. ಬಾಲ್ಕನಿ 40 ಚದರ ಅಡಿ ಎಂದು ಅದರ ಕೆಳಗೆ ಬೇರೆ ಸಾಲು. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ. ಐದನೇ ಮಹಡಿ, ದಕ್ಷಿಣಕ್ಕೆ ಮುಖ.

ಅಡುಗೆಮನೆಯ ಪಕ್ಕಕ್ಕೆ ಇನ್ನೊಂದು ಪುಟ್ಟ ಬಾಲ್ಕನಿಯೂ ಇದೆ. ಪುಣೆಯಲ್ಲಿ ಅದಕ್ಕೆ ಡ್ರೈ ಬಾಲ್ಕನಿ ಅನ್ನುತ್ತಾರೆ. ಪಾತ್ರೆ ತೊಳೆಯುವುದು, ವಾಷಿಂಗ್ ಮಷೀನು ಎಲ್ಲ ಅಲ್ಲೇ ಆದ್ದರಿಂದ ಅದು ಯಾವತ್ತೂ ಒದ್ದೆಯಾಗಿಯೇ ಇರುತ್ತದೆ. ಅದರ ವಿಷಯ ಬಿಡಿ. ನಾನು ಹೇಳಹೊರಟಿರುವುದು ಹಾಲ್‌ಗೆ ಹೊಂದಿಕೊಂಡ ಆ 40 ಚದರ ಅಡಿಯ ಬಗ್ಗೆ.

ನಾಲ್ಕು ವರ್ಷ ಅಲ್ಲಿ ಏನಿತ್ತು ಎಂದರೆ, ಎಲ್ಲರ ಮನೆಯಲ್ಲಿ ಇರುವುದೇ. ಟಿವಿಯ ಖಾಲಿ ರಟ್ಟಿನ ಡಬ್ಬ, ಮಗಳಿಗೆ ಚಿಕ್ಕದಾದ ಸೈಕಲ್, ಬಟ್ಟೆ ಒಣಗಿಸುವ ಸ್ಟ್ಯಾಂಡು, ಒಣಗಿದ ಮನಿ ಪ್ಲಾಂಟಿನ ಕುಂಡ. ಬಟ್ಟೆ ಹಾಕುವುದಕ್ಕೆ, ತೆಗೆಯುವುದಕ್ಕೆ ದಿನಕ್ಕೆರಡು ಸಲ ಕಾಲಿಡುತ್ತಿದ್ದೆವು. ಅಲ್ಲಿ ಕೂತವರು ಯಾರೂ ಇರಲಿಲ್ಲ.

ಧಾರವಾಡದ ಹೊಸಯಲ್ಲಾಪುರದ ನಮ್ಮ ಮನೆಗೆ ಕಟ್ಟೆ ಇದೆ. ಬಾಗಿಲಿನ ಎರಡೂ ಬದಿಗೆ ಕಲ್ಲುಹಾಸು, ಇಬ್ಬರು ಮೂವರು ಕೂತರೆ ತುಂಬುವಷ್ಟು. ಅಳತೆ ಹಿಡಿದರೆ ಅದೂ ನಮ್ಮ ಬಾಲ್ಕನಿಗಿಂತ ದೊಡ್ಡದಲ್ಲ. ಆದರೆ ಅವ್ವನ ದಿನದ ಅರ್ಧ ಭಾಗ ಅಲ್ಲಿಯೇ ಕಳೆಯುತ್ತಿತ್ತು. ಅಕ್ಕಿ ಆರಿಸುವುದು, ಶೇಂಗಾ ಸುಲಿಯುವುದು, ಕಾಯಿಪಲ್ಲೆಯವನ ಜೊತೆ ಜಗಳ, ಹೋಗಿ ಬರುವವರಿಗೆಲ್ಲ 'ಊಟ ಆತೇನು' ಎಂಬ ವಿಚಾರಣೆ. ಕಟ್ಟೆ ಮನೆಯ ಒಳಗೂ ಅಲ್ಲ, ಬೀದಿಯೂ ಅಲ್ಲ. ಕೂತವರು ತಮ್ಮ ಮನೆಯಲ್ಲೇ ಇರುತ್ತಾರೆ, ಆದರೆ ಒಬ್ಬರೇ ಇರುವುದಿಲ್ಲ. ಮಲೆನಾಡಿನವರು ಜಗಲಿ ಅನ್ನುವುದಕ್ಕೂ ಇದೇ ಗುಣ.

ಅಪ್ಪ ತೀರಿಕೊಂಡ ವರ್ಷ ಅವ್ವ ಎರಡು ಸಲ ಪುಣೆಗೆ ಬಂದಳು. ಮೇ ತಿಂಗಳಲ್ಲಿ ಬಂದಾಗ ಹನ್ನೆರಡು ದಿನ ಇದ್ದಳು, ಗಣೇಶ ಚೌತಿಗೆ ಬಂದಾಗ ಇಪ್ಪತ್ತು ದಿನ. ಎರಡೂ ಸಲ ಹೊರಟಾಗ ಹೇಳಿದ್ದು ಒಂದೇ ಮಾತು: "ಎಲ್ಲಾ ಛಲೋ ಅದ ತಮ್ಮಾ. ಆದ್ರ ಬಾಗಲಾ ಹಾಕಿದ್ರ ಮನಿ ಡಬ್ಬಿ ಆಗತದ." ನಾವಿಬ್ಬರೂ ಲ್ಯಾಪ್‌ಟಾಪಿನ ಮುಂದೆ, ಮಗಳು ಶಾಲೆಯಲ್ಲಿ, ಟಿವಿಯಲ್ಲಿ ಅವಳಿಗೆ ಆಸಕ್ತಿ ಇಲ್ಲ. ಒಂದು ರಾತ್ರಿಯ ಬಸ್ಸಿನ ದೂರದಲ್ಲಿ ಊರಿರುವಾಗ ಯಾಕೆ ಇರಬೇಕು?

ದೀಪಾವಳಿಗೆ ಮುಂಚೆ ಧಾರವಾಡದ ಹಿತ್ತಲಲ್ಲಿ ಕಾಲು ಜಾರಿ ಬಿದ್ದಳು. ಮುರಿಯಲಿಲ್ಲ, ಆದರೆ ಒಬ್ಬರನ್ನೇ ಬಿಡಬೇಡಿ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಮೂರನೇ ಸಲ ಬಂದದ್ದು ಹಾಗೆ. ಈ ಸಲ ಹೋಗಗೊಡಬಾರದು ಎಂಬುದು ನಮ್ಮ ಮನಸ್ಸಿನಲ್ಲಿತ್ತು; ಎಷ್ಟು ಬೇಗ ಹೋಗಬಹುದು ಎಂಬುದು ಅವಳ ಮನಸ್ಸಿನಲ್ಲಿತ್ತು.

ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಮಾತು ನಡೆದಿತ್ತು. ನಾನೂ ನನ್ನ ಹೆಂಡತಿಯೂ ಐಟಿಯವರು, ವಾರಕ್ಕೆ ಎರಡು ಮೂರು ದಿನ ಮನೆಯಿಂದಲೇ ಕೆಲಸ. ಒಂದು ಬೆಡ್‌ರೂಮು ನಮ್ಮದು, ಇನ್ನೊಂದು ಅವ್ವ ಮತ್ತು ಮಗಳದು. ಇಬ್ಬರಿಗೂ ಒಂದೇ ಹೊತ್ತಿಗೆ ಮೀಟಿಂಗ್ ಬಂದರೆ ಒಬ್ಬರು ಊಟದ ಟೇಬಲ್ಲಿಗೆ, ಕುಕ್ಕರಿನ ಸೀಟಿಯ ಪಕ್ಕಕ್ಕೆ. ಪರಿಹಾರ ಕಣ್ಣೆದುರೇ ಇತ್ತು: ಬಾಲ್ಕನಿಗೆ ಸ್ಲೈಡಿಂಗ್ ಕಿಟಕಿ ಹಾಕಿಸಿ, ಮಧ್ಯದ ಬಾಗಿಲು ತೆಗೆದರೆ ಒಂದು ಸಣ್ಣ ಆಫೀಸು ಆಗುತ್ತದೆ. ನಮ್ಮ ಬಿಲ್ಡಿಂಗಿನಲ್ಲೇ ಆರೇಳು ಮನೆಯವರು ಮಾಡಿಸಿಕೊಂಡಿದ್ದಾರೆ. ಮುಂಬೈಯ ಹಳೆಯ ಕಟ್ಟಡಗಳನ್ನು ನೋಡಿದವರಿಗೆ ಗೊತ್ತು, ತೆರೆದ ಬಾಲ್ಕನಿ ಎಲ್ಲಾದರೂ ಉಳಿದಿದ್ದರೆ ಅದೇ ಆಶ್ಚರ್ಯ. ಚದರ ಅಡಿಗೆ ಇಷ್ಟು ಸಾವಿರ ಎಂದು ಹಣ ಕೊಟ್ಟ ಊರಿನಲ್ಲಿ 40 ಅಡಿಯನ್ನು ಗಾಳಿಗೆ ಬಿಡುವುದು ಯಾರಿಗೂ ಸುಲಭವಲ್ಲ. ಅಲ್ಯುಮಿನಿಯಂ ಕೆಲಸದವನು ಬಂದು ಅಳತೆ ತೆಗೆದುಕೊಂಡ. ಅವನಿಗೆ ಜಾಗ ಬೇಕೆಂದು ರಟ್ಟಿನ ಡಬ್ಬ, ಸೈಕಲ್ಲು, ಒಣಗಿದ ಕುಂಡ ಎಲ್ಲ ತೆಗೆದು ಹೊರಗೆ ಹಾಕಿದೆವು.

ಖಾಲಿಯಾದ ಮರುದಿನವೇ ಅವ್ವ ಅಲ್ಲಿ ಚಾಪೆ ಹಾಸಿಕೊಂಡು ಕೂತಳು.

ಅದು ನವೆಂಬರ್ ಕೊನೆ. ಅವಳನ್ನು ಕರೆದದ್ದು ಬಿಸಿಲು. ಇದರ ಹಿಂದೆ ಸರಳ ಲೆಕ್ಕವಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ ಮಧ್ಯಾಹ್ನ ಪುಣೆಯಲ್ಲಿ ಅವನು ಏರುವುದು ಸುಮಾರು 48 ಡಿಗ್ರಿ ಎತ್ತರಕ್ಕೆ. ಹಾಗಾಗಿ ದಕ್ಷಿಣದ ಬಾಲ್ಕನಿ ಪೂರ್ತಿ ತುಂಬಿ, ಬಿಸಿಲು ಹಾಲ್‌ನ ನೆಲದ ಮೇಲೂ ಮೂರ್ನಾಲ್ಕು ಅಡಿ ಒಳಬರುತ್ತದೆ. ದಿನ ಕಳೆದಂತೆ ಅದು ಹಿಂದೆ ಸರಿಯುತ್ತ ಹೋಗಿ ಏಪ್ರಿಲ್ ಕೊನೆಗೆ ರೇಲಿಂಗಿನ ಬುಡದಲ್ಲಿ ಒಂದು ಗೇಣು ಉಳಿಯುತ್ತದೆ. ಮೇ ಮಧ್ಯದಲ್ಲಿ ಸೂರ್ಯ ಪುಣೆಯ ನೆತ್ತಿಯ ಮೇಲೆ ಬರುತ್ತಾನೆ. ಅಲ್ಲಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ನಮಗೆ ತುಸು ಉತ್ತರಕ್ಕೇ ಇರುತ್ತಾನೆ. ಅಂದರೆ ಬೇಡದ ಕಾಲಕ್ಕೆ ನೆರಳು, ಬೇಕಾದ ಕಾಲಕ್ಕೆ ಬಿಸಿಲು. ಎಸಿ, ಹೀಟರು ಯಾವುದೂ ಇಲ್ಲದೆ ವರ್ಷವಿಡೀ ತಾನಾಗಿ ನಡೆಯುವ ವ್ಯವಸ್ಥೆ ಇದು.

ನಾಲ್ಕು ದಿನಕ್ಕೆ ಅವ್ವ ಊರಿನಿಂದ ತಂದಿದ್ದ ಗಂಟು ಬಿಚ್ಚಿದಳು. ಹಳೆಯ ಸೀರೆಗಳು, ಕೌದಿ ಹೊಲಿಯಲಿಕ್ಕೆ. ಒಳಗಿನ ಪದರಿಗೆ ಅಪ್ಪನ ಎರಡು ಧೋತರ. ಕೌದಿಗೆ ಬೇಕಾದದ್ದು ಸೂಜಿ, ದಾರ, ಮತ್ತು ಪದರುಗಳನ್ನು ಸುಕ್ಕಿಲ್ಲದೆ ಹಾಸುವಷ್ಟು ನೆಲ. ಸೋಫಾ, ಟೇಬಲ್ಲು, ಟಿವಿ ಸ್ಟ್ಯಾಂಡಿನ ನಡುವೆ ನಮ್ಮ ಹಾಲ್‌ನಲ್ಲಿ ಅಷ್ಟು ನೆಲ ಇರಲಿಲ್ಲ. ಬಾಲ್ಕನಿಯಲ್ಲಿ ಹಾಸಿದರೆ ಕೌದಿಯ ಅಗಲ ಗೋಡೆಯಿಂದ ರೇಲಿಂಗಿನವರೆಗೆ ಸರಿಯಾಗಿ ಕೂತಿತು. ಅದರ ಒಂದು ತುದಿಗೆ ಅವಳು, ಶಾಲೆಯಿಂದ ಬಂದ ಮೇಲೆ ಇನ್ನೊಂದು ತುದಿಗೆ ಮಗಳು. ಸೂಜಿಗೆ ದಾರ ಪೋಣಿಸುವ ಕೆಲಸ ಮಗಳದು, ಪ್ರತಿ ದಾರಕ್ಕೊಂದು ಕಥೆ ಅವ್ವನ ಕೂಲಿ.

ಪಕ್ಕದ ಮನೆಯ ಬಾಲ್ಕನಿ ಐದಾರು ಅಡಿ ದೂರದಲ್ಲಿದೆ. ಅಲ್ಲಿಯ ಮರಾಠಿ ಸಂಸಾರವನ್ನು ನಾವು ನಾಲ್ಕು ವರ್ಷದಲ್ಲಿ ಬಲ್ಲದ್ದು ಲಿಫ್ಟಿನೊಳಗಿನ ನಗುವಿನಷ್ಟು. ಆ ಮನೆಯಾಕೆ ಒಂದು ದಿನ ಬಟ್ಟೆ ಹಾಕುತ್ತ ಕೇಳಿದರಂತೆ, "ಕಾಕು, ಗೋಧಡೀ ಶಿವತಾಯ್ ಕಾ?" ಕಾಕು ಎಂಬ ಕರೆ ನಮ್ಮ ಕಡೆಯೂ ಇರುವುದರಿಂದ ಅವ್ವನಿಗೆ ಅನುವಾದ ಬೇಕಾಗಲಿಲ್ಲ. ಗೋಧಡಿ ಎಂದರೆ ಕೌದಿ ಎಂಬುದು ಕಣ್ಣೆದುರೇ ಹಾಸಿಕೊಂಡು ಬಿದ್ದಿತ್ತು. "ಹೌದವ್ವಾ, ಕೌದಿ" ಎಂದು ಇವಳು. ಅಲ್ಲಿಂದ ಶುರುವಾಯಿತು. ಅವರದು ಮರಾಠಿ, ಇವಳದು ಧಾರವಾಡ ಕನ್ನಡ, ಇಬ್ಬರೂ ತಮ್ಮ ತಮ್ಮ ಭಾಷೆ ಬಿಡದೆ ಅರ್ಧ ಗಂಟೆ ಮಾತಾಡಬಲ್ಲರು. ವಾರದೊಳಗೆ ಗುರೆಳ್ಳು ಚಟ್ನಿಯ ಡಬ್ಬಿ ಆ ಮನೆಗೆ ಹೋಗಿ ತಿಳಗೂಳ ತುಂಬಿಕೊಂಡು ಬಂತು. ನಮ್ಮ ಎರಡೂ ಮನೆಯ ಮುಂಬಾಗಿಲು ಎದುರುಬದುರು ಇವೆ, ಯಾವಾಗಲೂ ಮುಚ್ಚಿರುತ್ತವೆ. ಪರಿಚಯ ಆದದ್ದು ಹಿಂದಿನಿಂದ.

ಡಿಸೆಂಬರ್ ಮಧ್ಯಕ್ಕೆ ಅಲ್ಯುಮಿನಿಯಂ ಕೆಲಸದವನು ಮುಂಗಡ ಕೇಳಿ ಫೋನ್ ಮಾಡಿದ. ಅವ್ವ ಕೇಳಿಸಿಕೊಂಡಳು. ಸಂಜೆ ಚಹಾ ಕುಡಿಯುವಾಗ ಕೇಳಿದಳು:

"ಇಲ್ಲೆ ಕಿಡಕಿ ಹಚ್ಚತೀರಂತ, ಹೌದ?"

"ಹೌದವ್ವಾ. ನಮಗ ಕೆಲಸಕ್ಕ ಜಾಗಾ ಸಾಲವಲ್ದು."

"ಹಚ್ಚ್ರಿ. ಬೇಕಲ್ಲಾ ನಿಮಗೂ. ನಾ ಸಂಕ್ರಮಣಕ್ಕ ಊರಿಗೆ ಹೋಗತೀನಿ, ಹೆಂಗೂ."

ಅದರಲ್ಲಿ ಸಿಟ್ಟಿರಲಿಲ್ಲ, ಚುಚ್ಚೂ ಇರಲಿಲ್ಲ. ಬಸ್ಸಿನ ವೇಳೆ ಹೇಳಿದ ಹಾಗೆ ಹೇಳಿದಳು. ಆ ರಾತ್ರಿ ನನ್ನ ಹೆಂಡತಿ ಟೇಪು ಹಿಡಿದು ನಮ್ಮ ಬೆಡ್‌ರೂಮನ್ನು ಅಳೆಯತೊಡಗಿದಳು. ಕಪಾಟಿನ ಪಕ್ಕ ಎರಡೂವರೆ ಅಡಿ ಗೋಡೆ ಸಿಕ್ಕಿತು. "ಇಲ್ಲೊಂದು ಮಡಚೋ ಟೇಬಲ್ ಹಾಕೋಣ. ಇಬ್ಬರಿಗೂ ಮೀಟಿಂಗ್ ಇರೋ ದಿನ ಒಬ್ಬರು ಆಫೀಸಿಗೆ ಹೋದರಾಯ್ತು. ಕಿಟಕಿಯ ಮಾತು ಬಿಡು" ಅಂದಳು. ಈ ಏರ್ಪಾಟು ಪುಕ್ಕಟೆಯದಲ್ಲ. ಅಂಥ ದಿನಗಳಲ್ಲಿ ಟ್ರಾಫಿಕ್ಕಿನಲ್ಲಿ ಹೋಗಿಬರಲು ಎರಡೂವರೆ ಗಂಟೆ ಕಳೆಯುತ್ತದೆ. ಮಡಚುವ ಟೇಬಲ್ಲು ಈಗಲೂ ಮೊಣಕಾಲಿಗೆ ಬಡಿಯುತ್ತದೆ. ಆದರೂ ಮುಂಗಡ ಕೊಡಲಿಲ್ಲ. ಅವ್ವ ಸಂಕ್ರಮಣಕ್ಕೆ ಹೋಗಲಿಲ್ಲ; ಕೌದಿ ಇನ್ನೂ ಮುಗಿದಿರಲಿಲ್ಲ, ಅದನ್ನೇ ನೆಪವಾಗಿ ಹೇಳಿದಳು. ಮುಗಿದ ಮೇಲೆ ಪಕ್ಕದ ಮನೆಯಾಕೆಯ ಸೀರೆಗಳು ಬಂದವು.

ಈಗ ಎರಡನೇ ಚಳಿಗಾಲ. ನಡುವೆ ಪಂಚಮಿಗೆ ಊರಿಗೆ ಹೋಗಿ, ಹುಬ್ಬಳ್ಳಿಯ ತಂಗಿಯ ಮನೆಯಲ್ಲಿ ಹದಿನೈದು ದಿನ ಇದ್ದು, ತಾನಾಗಿಯೇ ತಿರುಗಿ ಬಂದಳು. ಬಾಲ್ಕನಿಯಲ್ಲಿ ಈಗ ಒಂದು ತುಳಸಿ, ಒಂದು ಕರಿಬೇವು, ಎರಡು ಕುಂಡ ಮೆಂತ್ಯ. ಊರಿನ ಮಣ್ಣು ತರಿಸು ಎಂದು ಅವಳ ಹಟವಿತ್ತು. ಒದ್ದೆ ಮಣ್ಣು ಬಲು ಭಾರ, ಹೊರಚಾಚಿದ ಚಪ್ಪಡಿಯ ಮೇಲೆ ಅಷ್ಟು ಹೇರಬಾರದು ಎಂದು ತಿಳಿಸಿ, ಅರ್ಧ ತೆಂಗಿನ ನಾರಿನ ಪುಡಿ ಬೆರೆಸಿದೆವು. ಸಂಡಿಗೆ ಹಾಕುವ ತಿಂಗಳೂ ಬದಲಾಗಿದೆ. ಊರಲ್ಲಿ ಏಪ್ರಿಲ್ಲಿನಲ್ಲಿ ಹಾಕುತ್ತಿದ್ದವಳು ಇಲ್ಲಿ ಶಿವರಾತ್ರಿಗೇ ಮುಗಿಸುತ್ತಾಳೆ. ಬಿಸಿಲು ಯಾವಾಗ ರೇಲಿಂಗಿಗೆ ಸರಿಯುತ್ತದೆ ಎಂಬುದು ಅವಳಿಗೆ ನನ್ನ ಡಿಗ್ರಿಗಳ ಲೆಕ್ಕಕ್ಕಿಂತ ಚೆನ್ನಾಗಿ ಗೊತ್ತು.

ಕಿರಿಕಿರಿಗಳೂ ಇವೆ. ಪಾರಿವಾಳಗಳ ಕಾಟಕ್ಕೆ ಬಲೆ ಕಟ್ಟಿಸಬೇಕಾಯಿತು. ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಆ ವಿಷಯದಲ್ಲಿ ಅವ್ವನ ಭೂತದಯೆಗೂ ಮಣಿಯಲಿಲ್ಲ. ಸಂಜೆ ಆರೂವರೆಗೆ ಸೊಳ್ಳೆ ಬರುತ್ತದೆ, ಎಲ್ಲರೂ ಒಳಗೆ. ಎದುರಿನ ಕಟ್ಟಡದ ಕೆಲಸದಿಂದ ದಿನಾ ಧೂಳು. ಮಳೆಗಾಲದ ಜೋರು ಗಾಳಿಗೆ ಇರಚಲು ಹೊಡೆದು ಚಾಪೆಯೆಲ್ಲ ತೊಯ್ಯುತ್ತದೆ. ಹಾಗಿದ್ದೂ ಜೂನ್ ತಿಂಗಳಲ್ಲಿ, ಬಾಗಿಲಿಗೆ ಒರಗಿ ನಿಂತು ಬಿಸಿ ಮಿರ್ಚಿ ಭಜಿ ತಿನ್ನುತ್ತ ಮಳೆ ನೋಡುವಾಗ ಯಾರೂ ಈ ಪಟ್ಟಿಯನ್ನು ತೆಗೆಯುವುದಿಲ್ಲ.

ನನ್ನ ಪಾಲಿಗೆ ಸಿಕ್ಕಿರುವುದು ಬೆಳಗಿನ ಇಪ್ಪತ್ತು ನಿಮಿಷ. ಬಾಲ್ಕನಿಯಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ವೈಫೈ ಗೋಡೆ ದಾಟುವಷ್ಟರಲ್ಲಿ ಸೊರಗಿರುತ್ತದೆ. ಜಾಗ ಚಿಕ್ಕದಾದ್ದರಿಂದ ಅಡ್ಡಾಡಲಿಕ್ಕೂ ಆಗುವುದಿಲ್ಲ. ಹೀಗಾಗಿ ಅಲ್ಲಿ ಮಾಡಬಹುದಾದದ್ದು ಎರಡೇ: ಕೂತುಕೊಳ್ಳುವುದು, ಚಹಾ ಕುಡಿಯುವುದು. ಕೆಳಗೆ ಹಾಲಿನವನ ಸೈಕಲ್ಲು, ಶಾಲೆಯ ಬಸ್ಸಿಗೆ ಓಡುವ ಮಕ್ಕಳು, ವಾಚ್‌ಮನ್ನನ ರೇಡಿಯೋ. ಗುಲ್‌ಮೊಹರ್ ಮರಕ್ಕೆ ಬರುವ ಪಿಕಳಾರ ಹಕ್ಕಿಯ ಜೋಡಿ. ಅವ್ವ ಪಕ್ಕದಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಹುಬ್ಬಳ್ಳಿಯ ಸುದ್ದಿ ಹೇಳುತ್ತಾಳೆ. ನಾನು ಹೂಂಗುಟ್ಟುತ್ತೇನೆ. ಇದರಲ್ಲಿ ಫೋಟೋ ತೆಗೆದು ಕಳಿಸುವಂಥದ್ದು ಏನೂ ಇಲ್ಲ. ಆದರೆ ಅಪ್ಪನ ಬಗ್ಗೆ ಅವ್ವ ಅಳದೆ ಮಾತಾಡಿದ್ದು ಮೊದಲು ಇಲ್ಲಿಯೇ, ಕೌದಿಯೊಳಗಿನ ಧೋತರ ಯಾವ ಜಾತ್ರೆಯಲ್ಲಿ ಕೊಂಡದ್ದು ಎಂದು ಹೇಳುತ್ತ. ಒಳಗೆ ಎದುರುಬದುರು ಕೂತು ಕೇಳಿದ್ದರೆ ಆ ಮಾತು ಬರುತ್ತಿರಲಿಲ್ಲ ಅನಿಸುತ್ತದೆ. ಬೀದಿ ನೋಡುತ್ತ ಪಕ್ಕಪಕ್ಕ ಕೂತಾಗ ಮಾತು ಸಲೀಸು. ಕಟ್ಟೆಗಳನ್ನು ಕಟ್ಟಿದವರಿಗೆ ಅದು ಗೊತ್ತಿತ್ತೇನೋ.

ಊರು ಬಿಟ್ಟ ನಮ್ಮಂಥವರು ಊರನ್ನು ಇಲ್ಲಿ ಕಟ್ಟಿಕೊಳ್ಳಲು ದೊಡ್ಡ ದೊಡ್ಡ ದಾರಿ ಹುಡುಕುತ್ತೇವೆ. ಸಂಘ, ಸಮಾರಂಭ, ರಾಜ್ಯೋತ್ಸವದ ಊಟ ಎಲ್ಲವೂ ಬೇಕು, ನಾನೂ ಹೋಗುತ್ತೇನೆ. ಅವು ವರ್ಷಕ್ಕೆ ನಾಲ್ಕು ದಿನ. ಉಳಿದ ದಿನಗಳಿಗೆ ಒಂದು ಚಾಪೆಯಷ್ಟು ಜಾಗ ಸಾಕಾಗಬಹುದು. ನಿಮ್ಮ ಮನೆಯ ಬಾಲ್ಕನಿಯಲ್ಲಿ ಈಗ ಏನಿದೆ? ರಟ್ಟಿನ ಡಬ್ಬವಾದರೆ ರದ್ದಿಯವನಿಗೆ ಕೊಟ್ಟುಬಿಡಿ. ಬಿಸಿಲು ಎಷ್ಟು ಗಂಟೆಗೆ ಬರುತ್ತದೆ ನೋಡಿಕೊಂಡು, ಊರಿನಿಂದ ಹಿರಿಯರು ಬರುವ ಮೊದಲು ಒಂದು ಚಾಪೆ ತಂದಿಡಿ.